ನಾವು ಹೆಣೆದ ಸ್ವೆಟರು

ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಪಾಠ ಹೇಳುವವರು ಆಕಾಶವಾಣಿಗೆ ಬಂದು ಮಾತನಾಡುತ್ತಾರೆಂದರೆ, ಷೇಕ್ಸ್‌ಪಿಯರನ ದುರಂತ ನಾಟಕಗಳನ್ನು ಕುರಿತೋ ವರ್ಡ್ಸ್‌ವರ್ತನ ಪ್ರಕೃತಿಪ್ರೇಮವನ್ನು ಕುರಿತೋ ಹದಿನೈದು ನಿಮಿಷ ಕೇಳಬೇಕಾದೀತೆಂದು ಶ್ರೋತೃಗಳು ಮನಸ್ಸನ್ನು ಗಟ್ಟಿಮಾಡಿಕೊಂಡೇ ಕುಳಿತಿರುತ್ತಾರೆ. ಇಂದು ಅವರಿಗೆ ಆ ಕಷ್ಟವಿಲ್ಲ. ನಾವು ಹೇಳಹೊರಟಿರುವುದು ಒಂದು ಸ್ವೆಟರಿನ ವಿಷಯ. ಅದನ್ನು ಹೆಣೆದವರು ನಾವೇ. ಯಾರಿಂದಲೂ ಕಲಿಯದೆ, ಒಂದು ಹಳೆಯ ಪುಸ್ತಕವನ್ನು ಮುಂದಿಟ್ಟುಕೊಂಡು, ಹದಿನಾಲ್ಕು ತಿಂಗಳಲ್ಲಿ ಅದನ್ನು ಮುಗಿಸಿದೆವು. ಬಲ್ಲ ಹೆಂಗಸರು ಇದೇ ಕೆಲಸವನ್ನು ಮನೆಗೆಲಸದ ನಡುವೆಯೇ ತಿಂಗಳೊಪ್ಪತ್ತಿನಲ್ಲಿ ಮುಗಿಸುತ್ತಾರೆ. ಯಂತ್ರಕ್ಕೆ ಅದೂ ಬೇಡ. ಆದಕಾರಣ ಇದರಲ್ಲಿ ಹೆಮ್ಮೆಪಡುವುದಕ್ಕೆ ಏನೂ ಇಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇವೆ.

ಕಾರಣವನ್ನು ಹೇಳಬೇಕಷ್ಟೆ. ನಮ್ಮ ತಂದೆಯವರು ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಹೈಸ್ಕೂಲಿನಲ್ಲಿ ಗಣಿತವನ್ನು ಕಲಿಸಿ ನಿವೃತ್ತರಾದವರು. ಹಿಂದಿನ ಒಂದು ಪುಷ್ಯಮಾಸದಲ್ಲಿ, ಅವರಿಗೆ ಎಂಬತ್ತಮೂರು ನಡೆಯುತ್ತಿದ್ದಾಗ, ನೆಗಡಿಯೊಂದು ಎದೆಗೆ ಇಳಿದು ಹದಿನೈದು ದಿನ ಹಾಸಿಗೆ ಹಿಡಿದರು. ಮೈಸೂರಿನ ಚಳಿ ದೊಡ್ಡ ಚಳಿಯಲ್ಲ. ಜನವರಿಯ ಮುಂಜಾವಿನಲ್ಲಿಯೂ ಉಷ್ಣಮಾನ ಸಾಮಾನ್ಯವಾಗಿ 16 ಡಿಗ್ರಿಯ ಸುಮಾರಿನಲ್ಲಿಯೇ ಇರುತ್ತದೆ. ಉತ್ತರ ದೇಶಗಳವರು ಕೇಳಿದರೆ ನಕ್ಕಾರು. ಆದರೆ ಆ ವಯಸ್ಸಿನ ಎದೆಗೆ ಅಷ್ಟೇ ಸಾಕಾಯಿತು. ಎದೆಯನ್ನು ಬೆಚ್ಚಗಿಡಬೇಕೆಂದು ವೈದ್ಯರು ಹೇಳಿ ಹೋದರು.

ಬೆಚ್ಚಗಿಡುವುದಕ್ಕೆ ಮಾರ್ಗವಿರಲಿಲ್ಲವೆ? ಚಳಿಗಾಲ ಬಂದಿತೆಂದರೆ ಟಿಬೆಟಿನವರು ನಮ್ಮ ಊರುಗಳ ರಸ್ತೆಯ ಬದಿಯಲ್ಲಿ ಸ್ವೆಟರುಗಳನ್ನು ತೂಗುಹಾಕಿ ಮಾರುವುದನ್ನು ಎಲ್ಲರೂ ಕಂಡಿದ್ದಾರೆ. 1960-61ರಲ್ಲಿ ಬೈಲುಕುಪ್ಪೆಯಲ್ಲಿ ನೆಲೆಗೊಂಡಂದಿನಿಂದ ಅವರು ನಮ್ಮ ನೆರೆಯವರೇ. ಸರಕು ಮಾತ್ರ ಬಹುಮಟ್ಟಿಗೆ ದೂರದ ಲೂಧಿಯಾನದ್ದು. ಅವರಲ್ಲಿ ಒಂದು ಒಳ್ಳೆಯ ಸ್ವೆಟರನ್ನು ಕೊಂಡುತಂದೆವು. ತಂದೆಯವರು ಅದನ್ನು ಒಂದು ದಿನ ತೊಟ್ಟು, ಮಡಿಸಿ, ಪೆಟ್ಟಿಗೆಯಲ್ಲಿಟ್ಟರು. ಕೇಳಿದರೆ, "ಚೆನ್ನಾಗಿದೆಯಪ್ಪ, ಜೋಪಾನವಾಗಿರಲಿ" ಎಂದರು. ಅವರು ತೊಡುತ್ತಿದ್ದುದು ನಮ್ಮ ತಾಯಿಯವರು ಹೆಣೆದಿದ್ದ ಒಂದು ಬೂದುಬಣ್ಣದ ಸ್ವೆಟರು. ಅದರ ಮೊಣಕೈ ಎರಡೂ ಹರಿದು, ತೇಪೆ ಹಾಕಿಸಿ, ತೇಪೆಯೂ ಹರಿದಿತ್ತು. ತಾಯಿಯವರು ಹೋಗಿ ಹನ್ನೊಂದು ವರ್ಷವಾಗಿತ್ತು.

ನಮ್ಮ ಮನೆಯಾಕೆಯನ್ನು ಕೇಳಿದೆವು. ಆಕೆ ಕೈಯಲ್ಲಿದ್ದ ಕೆಲಸವನ್ನು ನಿಲ್ಲಿಸದೆಯೇ, "ನನಗೆ ಬಾರದು. ಅತ್ತೆಯವರಿಗೆ ಬರುತ್ತಿತ್ತು. ನೀವು ಅವರ ಮಗ, ನಿಮಗೇಕೆ ಬರಬಾರದು?" ಎಂದಳು. ತರ್ಕಶಾಸ್ತ್ರದ ದೃಷ್ಟಿಯಿಂದ ಈ ವಾದದಲ್ಲಿ ದೋಷಗಳಿವೆ. ಆದರೂ ಉತ್ತರ ತೋಚಲಿಲ್ಲ.

ಗಂಡಸರು ಹೆಣೆಯುವುದುಂಟೆ ಎಂದು ಕೇಳುವವರಿಗೆ ಮಾತ್ರ ನಮ್ಮಲ್ಲಿ ಉತ್ತರ ಸಿದ್ಧವಾಗಿದೆ. ನಾಚಿಕೆಯನ್ನು ಮರೆಯುವುದಕ್ಕಾಗಿ ಪುಸ್ತಕಗಳನ್ನು ಹುಡುಕಿ ಓದಿಕೊಂಡಿದ್ದೇವೆ. ಇಂಗ್ಲಿಷ್ ಕಾಲುವೆಯಲ್ಲಿರುವ ಜರ್ಸಿ ದ್ವೀಪದಲ್ಲಿ, ಗಂಡು ಹೆಣ್ಣೆನ್ನದೆ ಜನರೆಲ್ಲ ಕಾಲುಚೀಲ ಹೆಣೆಯುತ್ತ ಕುಳಿತು ಹೊಲದ ಕೆಲಸ ಕೆಡುತ್ತಿದ್ದುದರಿಂದ, ಸುಗ್ಗಿಯ ಕಾಲದಲ್ಲಿ ಹದಿನೈದು ವರ್ಷ ದಾಟಿದವರಾರೂ ಹೆಣೆಯಕೂಡದೆಂದು 1608ರಲ್ಲಿ ಕಾನೂನನ್ನೇ ಮಾಡಬೇಕಾಯಿತಂತೆ. ಇಂದು ಹುಡುಗರು ತೊಡುವ ಜರ್ಸಿಗೆ ಹೆಸರು ಬಂದದ್ದು ಆ ದ್ವೀಪದಿಂದಲೇ. ಫ್ರಾನ್ಸಿನ ನೈಋತ್ಯದ ಲಾಂದ್ ಎಂಬ ಜೌಗುನಾಡಿನ ಕುರುಬರು ಹತ್ತೊಂಬತ್ತನೆಯ ಶತಮಾನದಲ್ಲಿ ಎತ್ತರವಾದ ಮರಗಾಲುಗಳ ಮೇಲೆ ನಿಂತು, ಕುರಿಗಳನ್ನೂ ನೋಡಿಕೊಂಡು, ಕೈಯಲ್ಲಿ ಹೆಣೆಯುತ್ತಲೂ ಇದ್ದರು. ಪೆರು ದೇಶದ ಟಿಟಿಕಾಕಾ ಸರೋವರದ ನಡುವೆ ಟಾಕಿಲೆ ಎಂಬ ದ್ವೀಪವಿದೆ. ಅಲ್ಲಿ ಇಂದಿಗೂ ಹೆಣಿಗೆ ಗಂಡಸರ ಕೆಲಸ, ನೇಯ್ಗೆಯಲ್ಲಿ ಹೆಂಗಸರ ಕೈ ಹೆಚ್ಚು. ಇಷ್ಟನ್ನು ಓದಿಕೊಂಡ ಮೇಲೂ ನಾವು ಹೆಣೆದದ್ದು ಬಾಗಿಲು ಮುಚ್ಚಿಕೊಂಡೇ ಎಂಬುದನ್ನು ಮರೆಮಾಚುವುದಿಲ್ಲ.

ತಾಯಿಯವರ ಟ್ರಂಕಿನಲ್ಲಿ ಕಡ್ಡಿಗಳು ಸಿಕ್ಕಿದುವು. ಒಂದು ಜೋಡಿಯ ತಲೆಯ ಮೇಲೆ 8 ಎಂದೂ ಇನ್ನೊಂದರ ಮೇಲೆ 10 ಎಂದೂ ಬರೆದಿತ್ತು. ಹತ್ತು ದಪ್ಪ, ಎಂಟು ತೆಳ್ಳಗೆ ಎಂದಲ್ಲವೆ ನಾವು ತಿಳಿಯುವುದು? ಇಂಗ್ಲೆಂಡಿನ ಹಳೆಯ ಲೆಕ್ಕದಲ್ಲಿ ಅದು ತಲೆಕೆಳಗು. ಸಂಖ್ಯೆ ಹೆಚ್ಚಿದಷ್ಟೂ ಕಡ್ಡಿ ಸಣ್ಣದು. ಎಂಟೆಂದರೆ 4 ಮಿಲಿಮೀಟರು, ಹತ್ತೆಂದರೆ 3.25. ಸಣ್ಣ ಕಡ್ಡಿಯಿಂದ ಅಂಚಿನ ಪಟ್ಟಿಯನ್ನೂ ದಪ್ಪ ಕಡ್ಡಿಯಿಂದ ಮೈಯನ್ನೂ ಹೆಣೆಯತಕ್ಕದ್ದು. ಪುಸ್ತಕವನ್ನು ಹಳೆಯ ಪುಸ್ತಕಗಳ ರಾಶಿಯೊಂದರಲ್ಲಿ ಕೊಂಡೆವು. ಅದರ ಭಾಷೆ ಇಂಗ್ಲಿಷೆಂದು ಹೇಳುತ್ತಾರೆ. ಛಾಸರನ ಇಂಗ್ಲಿಷನ್ನು ಬಿಡಿಸಿ ಹೇಳುವ ಅಭ್ಯಾಸ ನಮಗುಂಟು. ಆದರೆ 'ಕೆ 2, ಪಿ 2, ಎಸ್‌ಎಲ್ 1, ಕೆ 1, ಪಿಎಸ್‌ಎಸ್‌ಒ' ಎಂಬ ಸಾಲಿನ ಮುಂದೆ ಎರಡು ರಾತ್ರಿ ಮೂಕರಾಗಿ ಕುಳಿತಿದ್ದೆವು.

ಬಿಡಿಸಿದ ಮೇಲೆ ನೋಡಿದರೆ ಅಲ್ಲಿ ಇರುವುದು ಒಂದೇ ಕ್ರಿಯೆ. ಕಡ್ಡಿಯ ಮೇಲಿರುವ ಕುಣಿಕೆಯೊಳಗಿಂದ ದಾರವನ್ನು ಎಳೆದು ಹೊಸ ಕುಣಿಕೆ ಮಾಡುವುದು, ಹಳೆಯದನ್ನು ಜಾರಿಸಿಬಿಡುವುದು. ಹೊಸ ಕುಣಿಕೆಯನ್ನು ನಮ್ಮ ಕಡೆಗೆ ಎಳೆದರೆ ನಿಟ್, ಆ ಕಡೆಗೆ ತಳ್ಳಿದರೆ ಪರ್ಲ್. ಇವೆರಡೂ ಬೇರೆಯೆಂದು ಪುಸ್ತಕ ಹೇಳುತ್ತದೆ, ಆದರೆ ಬಟ್ಟೆಯನ್ನು ಮಗುಚಿ ನೋಡಿದರೆ ನಿಟ್ಟಿನ ಬೆನ್ನೇ ಪರ್ಲು. ನೇಯ್ಗೆಯಲ್ಲಿ ಹಾಸು ಬೇರೆ, ಹೊಕ್ಕು ಬೇರೆ. ಒಂದು ನೂಲು ತುಂಡಾದರೂ ಮಿಕ್ಕವು ಹಿಡಿದುಕೊಂಡಿರುತ್ತವೆ. ಹೆಣಿಗೆಯಲ್ಲಿ ಉದ್ದಕ್ಕೂ ಒಂದೇ ದಾರ. ಮೊದಲನೆಯ ಕುಣಿಕೆಗೆ ಹಾಕುವ ಜಾರುಗಂಟನ್ನು ಬಿಟ್ಟರೆ ಅದರಲ್ಲಿ ಗಂಟೆಂಬುದೇ ಇಲ್ಲ. ಪ್ರತಿಯೊಂದು ಕುಣಿಕೆಯೂ ತನ್ನ ಮೇಲಿನ ಕುಣಿಕೆಯ ಆಧಾರದಿಂದ ನಿಂತಿರುತ್ತದೆ. ತುದಿಯನ್ನು ಹಿಡಿದು ಎಳೆದರೆ ಎಲ್ಲವೂ ಬಂದದಾರಿಯಲ್ಲಿಯೇ ಹಿಂದಕ್ಕೆ ಹೋಗಿ ಮತ್ತೆ ದಾರವಾಗುತ್ತದೆ. ಸ್ವೆಟರು ಹಿಗ್ಗುವುದೂ ಈ ಗಂಟಿಲ್ಲದ ಗುಣದಿಂದಲೇ.

ಜೇಡರ ದಾಸಿಮಯ್ಯನ ಕಾಲಕ್ಕೆ ಮುಂಚಿನಿಂದಲೂ ನೇಯುತ್ತ ಬಂದ ನಾಡು ನಮ್ಮದು. ಮಗ್ಗ, ಲಾಳಿ, ಹಾಸು, ಹೊಕ್ಕು ಎಂದು ಮಾತುಗಳಿಗೆ ಬಡತನವಿಲ್ಲ. ಉಣ್ಣೆಗೂ ಬಡತನವಿಲ್ಲ, ಚಳ್ಳಕೆರೆಯ ಕಂಬಳಿಯನ್ನು ಹೊದೆಯದ ಹಳ್ಳಿಯುಂಟೆ? ಆದರೆ ಆ ಉಣ್ಣೆ ಒರಟು. ಕಂಬಳಿಗೆ ಲೇಸು, ಕತ್ತಿಗೆಗೆ ಆಗದು. ಹೆಣಿಗೆಯಾದರೋ ನಮ್ಮಲ್ಲಿಗೆ ಐರೋಪ್ಯರೊಡನೆ ಬಂದ ವಿದ್ಯೆ. ಪ್ರಪಂಚದಲ್ಲಿಯೇ ಅದು ಅಷ್ಟು ಹಳೆಯದಲ್ಲ. ಈಗ ಉಳಿದಿರುವ ಬಹು ಹಳೆಯ ಮಾದರಿಗಳು ಈಜಿಪ್ಟಿನಲ್ಲಿ ಸಿಕ್ಕಿದ, ಹನ್ನೊಂದರಿಂದ ಹದಿನಾಲ್ಕನೆಯ ಶತಮಾನದೊಳಗಿನ, ಹತ್ತಿಯ ಕಾಲುಚೀಲಗಳು. ಹೀಗಾಗಿ ಕನ್ನಡದಲ್ಲಿ ಬುಟ್ಟಿಗೂ ಜಡೆಗೂ ಸ್ವೆಟರಿಗೂ ಹೆಣೆಯುವುದೆಂಬ ಒಂದೇ ಮಾತನ್ನು ಇಟ್ಟುಕೊಂಡು ಸಂಸಾರ ಮಾಡಬೇಕಾಗಿದೆ.

ಶಿವರಾತ್ರಿಯ ಹೊತ್ತಿಗೆ ಕೆಲಸ ಆರಂಭವಾಯಿತು. ತಲಾ 50 ಗ್ರಾಮಿನ ಹನ್ನೆರಡು ಉಂಡೆ, ಬೂದುಬಣ್ಣದ್ದೇ. ಬೆನ್ನಿನ ಭಾಗಕ್ಕೆ 112 ಕುಣಿಕೆ. ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಒಂದು ಎಚ್ಚರಿಕೆಯಿತ್ತು: ಮೊದಲು ನಾಲ್ಕಂಗುಲದ ಒಂದು ಮಾದರಿ ಚೌಕವನ್ನು ಹೆಣೆದು, ಅಂಗುಲಕ್ಕೆ ಐದೂವರೆ ಕುಣಿಕೆ ಬರುವುದೇ ಎಂದು ಅಳೆದು ನೋಡಿ, ಆ ಬಳಿಕ ಮುಂದುವರಿಯತಕ್ಕದ್ದು. ಪ್ರಶ್ನಪತ್ರಿಕೆಯ ಮೇಲಿನ ಸೂಚನೆಗಳನ್ನು ಓದದ ವಿದ್ಯಾರ್ಥಿಗಳನ್ನು ಕುರಿತು ನಾವು ಎಷ್ಟೋ ಬಾರಿ ಕಟುವಾಗಿ ಮಾತನಾಡಿದ್ದೇವೆ. ಆ ಚೌಕವನ್ನು ನಾವು ಹೆಣೆಯಲಿಲ್ಲ. ಚೌಕದಿಂದ ಯಾರ ಎದೆ ಬೆಚ್ಚಗಾಗುತ್ತದೆ ಎಂದುಕೊಂಡೆವು.

ನಿಮಿಷಕ್ಕೆ ಹತ್ತು ಹನ್ನೆರಡು ಕುಣಿಕೆ ನಮ್ಮ ವೇಗ. ಅದೂ ಕೈ ಪಳಗಿದ ಮೇಲೆ. ಷೆಟ್ಲೆಂಡಿನ ಹೇಜೆಲ್ ಟಿಂಡಾಲ್ ಎಂಬಾಕೆ 2008ರ ಸ್ಪರ್ಧೆಯೊಂದರಲ್ಲಿ ಮೂರು ನಿಮಿಷದಲ್ಲಿ 262 ಕುಣಿಕೆ ಹೆಣೆದಳು. ನಾವು ಬಹು ವರ್ಷ ಪಾಠ ಹೇಳಿದ ಪುಸ್ತಕಗಳಲ್ಲಿ ಡಿಕೆನ್ಸನು 1859ರಲ್ಲಿ ಪ್ರಕಟಿಸಿದ ಎರಡು ನಗರಗಳ ಕಥೆಯೂ ಒಂದು. ಅದರಲ್ಲಿ ಮದಾಮ್ ಡೆಫಾರ್ಜ್ ಎಂಬ ಹೆಂಗಸು ಹೆಂಡದಂಗಡಿಯಲ್ಲಿ ಕುಳಿತು, ಸಾಯಬೇಕಾದವರ ಹೆಸರುಗಳನ್ನೆಲ್ಲ ಗುಪ್ತ ಸಂಕೇತಗಳಲ್ಲಿ ತನ್ನ ಹೆಣಿಗೆಯೊಳಗೆ ಸೇರಿಸುತ್ತಾಳೆ. ಆಕೆಯ ಕ್ರೌರ್ಯವನ್ನು ಕುರಿತು ಎಷ್ಟೋ ಟಿಪ್ಪಣಿಗಳನ್ನು ಬರೆಸಿದ್ದೇವೆ. ಆಕೆ ಕೈಯನ್ನು ನೋಡದೆಯೇ ಹೆಣೆಯುತ್ತಾಳೆ, ಹೆಣೆಯುತ್ತ ಗಿರಾಕಿಗಳ ಮುಖವನ್ನು ಗಮನಿಸುತ್ತಾಳೆ ಎಂಬುದರ ಅರ್ಥ ನಮಗೆ ಹೊಳೆದದ್ದು ಈ ನಲವತ್ತು ದಾಟಿದ ವಯಸ್ಸಿನಲ್ಲಿ, ಬಿಟ್ಟುಹೋದ ಒಂದು ಕುಣಿಕೆಯ ಹಿಂದೆ ಹನ್ನೆರಡು ಸಾಲು ಕೆಳಕ್ಕೆ ಇಳಿದುಹೋಗಿದ್ದಾಗ.

ನವರಾತ್ರಿಯ ವೇಳೆಗೆ ಬೆನ್ನು ಪೂರ್ತಿಯಾಗಿ, ಎದೆಯ ಭಾಗದಲ್ಲಿ 75 ಸಾಲು ಆಗಿತ್ತು. ಅಲ್ಲಿಯವರೆಗೂ ತಂದೆಯವರಿಗೆ ಹೇಳಿರಲಿಲ್ಲ. ದೀಪಾವಳಿಯ ಮರುದಿನ ಅಳತೆ ನೋಡಲೇಬೇಕಾಗಿ ಬಂದಿತು. ಅವರು ಕನ್ನಡಕವನ್ನು ಏರಿಸಿಕೊಂಡು ಕಡ್ಡಿಯನ್ನೂ ನಮ್ಮನ್ನೂ ಒಂದು ಸಲ ನೋಡಿದರು. "ಇದೇನಯ್ಯ? ಕಾಲೇಜಿನಲ್ಲಿ ಪಾಠವಿಲ್ಲವೆ ನಿನಗೆ?" ಎಂದರು. ಬಳಿಕ ಬೆನ್ನಿನ ಭಾಗವನ್ನು ಮೇಜಿನ ಮೇಲೆ ಹರಡಿ, ತಮ್ಮ ಹಳೆಯ ಮರದ ಅಳತೆಪಟ್ಟಿಯನ್ನು ತರಿಸಿ, ಅಂಗುಲದೊಳಗಿನ ಕುಣಿಕೆಗಳನ್ನು ಎಣಿಸತೊಡಗಿದರು. ನಮಗೆ ಆಗಲೇ ಗೊತ್ತಿತ್ತು. ಹಲವು ವಾರಗಳಿಂದ ಗೊತ್ತಿತ್ತು. ಅಳೆಯುವಾಗಲೆಲ್ಲ ಬಟ್ಟೆಯನ್ನು ತುಸು ಎಳೆದು ಹಿಡಿದು, ಉಲ್ಲನ್ ಹಿಗ್ಗುತ್ತದೆಯೆಂದು ನಮಗೆ ನಾವೇ ಹೇಳಿಕೊಳ್ಳುತ್ತಿದ್ದೆವು.

"ಆರು," ಎಂದರು ತಂದೆಯವರು.

ಕಲಿಯುವವನ ಕೈ ಅಂಜಿಕೆಯಿಂದ ದಾರವನ್ನು ಬಿಗಿಯಾಗಿ ಹಿಡಿಯುತ್ತದೆ. ಐದೂವರೆ ಬರಬೇಕಾದಲ್ಲಿ ಆರು ಬಂದಿತ್ತು. ಅರ್ಧ ಕುಣಿಕೆಯ ವ್ಯತ್ಯಾಸವೆಂದರೆ ಏನು ಮಹಾ? ಆದರೆ 112ನ್ನು ಐದೂವರೆಯಿಂದ ಭಾಗಿಸಿದರೆ ಇಪ್ಪತ್ತು ಅಂಗುಲಕ್ಕೆ ಮೇಲೆ, ಆರರಿಂದ ಭಾಗಿಸಿದರೆ ಹತ್ತೊಂಬತ್ತಕ್ಕೂ ಒಳಗೆ. ಹಿಂದು ಮುಂದು ಸೇರಿ ಮೂರು ಅಂಗುಲಕ್ಕಿಂತ ಹೆಚ್ಚು ಕಡಮೆಯಾಯಿತು. 38 ಅಂಗುಲದ ಎದೆಗೆ 37 ಅಂಗುಲ ಚಿಲ್ಲರೆಯ ಸ್ವೆಟರು. ಯುವಕನಾದರೆ ತೊಟ್ಟಾನು. ಭುಜ ಮೇಲಕ್ಕೆ ಏಳದ ವಯಸ್ಸಿನವರು ಅಂಥದನ್ನು ತಲೆಯ ಮೇಲಿಂದ ಎಳೆದುಕೊಳ್ಳುವುದು ಶಿಕ್ಷೆಯೇ ಸರಿ.

ತಂದೆಯವರು ಒಂದು ಹಳೆಯ ಲಕೋಟೆಯ ಬೆನ್ನಿನ ಮೇಲೆ ಲೆಕ್ಕ ಹಾಕಿದರು. ಬೆನ್ನಿಗೆ 175 ಸಾಲು, 19,600 ಕುಣಿಕೆ. ಎದೆಯ ಭಾಗದಲ್ಲಿ ಆಗಿದ್ದುದು 8,400. ಒಟ್ಟು ಆದದ್ದು 28,000. ಇಡೀ ಸ್ವೆಟರಿಗೆ, ತೋಳುಗಳೂ ಸೇರಿ, ಸುಮಾರು 60,000. ನಿಮಿಷಕ್ಕೆ ಹನ್ನೆರಡರಂತೆ ರಾತ್ರಿ ಅರ್ಧ ಗಂಟೆ ಕುಳಿತರೆ 360. ಬಿಚ್ಚಿ ಮೊದಲಿನಿಂದ ಹೆಣೆದರೆ 167 ರಾತ್ರಿ. ಅಂದರೆ ಚೈತ್ರ ಬರುತ್ತದೆ. ನಾವು ಬೇರೊಂದು ಲೆಕ್ಕವನ್ನು ಮುಂದಿಟ್ಟೆವು. ಬಿಚ್ಚದೆ, ಉಳಿದ 32,000ವನ್ನು ದಿನಕ್ಕೊಂದು ಗಂಟೆಯಂತೆ ಹೆಣೆದರೆ 45 ದಿನ. ಧನುರ್ಮಾಸ ಹುಟ್ಟುವ ಹೊತ್ತಿಗೆ ಸ್ವೆಟರು ಸಿದ್ಧ. ತುಸು ಬಿಗಿಯಾದೀತು, ಅಷ್ಟೆ.

ನಮ್ಮ ಮನಸ್ಸಿನಲ್ಲಿ ಇದ್ದುದನ್ನು ಹೇಳಲಿಲ್ಲ. ಮುಂದಿನ ಚಳಿಗಾಲದ ಲೆಕ್ಕವನ್ನು ಎಂಬತ್ತಮೂರು ಮುಗಿಯುತ್ತಿದ್ದವರ ಎದುರಿನಲ್ಲಿ ಹೇಗೆ ಎತ್ತುವುದು? ಅವರಿಗೆ ಅದು ತಿಳಿಯದೆ ಇರಲಿಲ್ಲ. ಲಕೋಟೆಯನ್ನು ಮಡಿಸಿ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡು, "ಮೊದಲನೆಯ ಸಾಲಿನಲ್ಲಿ ತಪ್ಪಿದ ಲೆಕ್ಕಕ್ಕೆ ಕೊನೆಯಲ್ಲಿ ಉತ್ತರವನ್ನು ತಿದ್ದಿದರೆ ನಾನು ಅಂಕ ಕೊಡುತ್ತಿರಲಿಲ್ಲ. ಬಿಚ್ಚು," ಎಂದರು.

ಎಂಟು ತಿಂಗಳ ಕೆಲಸವನ್ನು ಬಿಚ್ಚುವುದಕ್ಕೆ ನಲವತ್ತು ನಿಮಿಷ ಸಾಕಾಯಿತು. ಬಿಚ್ಚಿದ ದಾರ ಸುರುಳಿಸುರುಳಿಯಾಗಿರುತ್ತದೆ. ಅದನ್ನು ಲಡಿ ಮಾಡಿ, ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ, ಭಾರ ಕಟ್ಟಿ ತೂಗುಹಾಕಿ ಒಣಗಿಸಿದರೆ ನೆಟ್ಟಗಾಗುತ್ತದೆ. ಲಡಿ ಮಾಡುವುದಕ್ಕೆ ಎರಡು ಕುರ್ಚಿಗಳ ಬೆನ್ನು ಸಾಕು. ಆದರೆ ತಂದೆಯವರು ತಾವೇ ಎದುರಿಗೆ ಕುಳಿತು ಎರಡು ಕೈಗಳನ್ನೂ ಮುಂದಕ್ಕೆ ಚಾಚಿದರು. ತಾಯಿಯವರಿಗೂ ಹಾಗೆ ಹಿಡಿದುಕೊಡುತ್ತಿದ್ದರೆಂದು ಕಾಣುತ್ತದೆ; ದಾರ ಬಂದ ಕಡೆಗೆ ಮಣಿಕಟ್ಟನ್ನು ಎಷ್ಟು ಓರೆಮಾಡಬೇಕೆಂಬುದು ಅವರಿಗೆ ತಿಳಿದಿತ್ತು. ಅವರ ಕೈ ಸಣ್ಣಗೆ ನಡುಗುತ್ತಿತ್ತು. ನಾವು ಸುತ್ತುತ್ತ ಹೋದೆವು. ಅಪ್ಪ ಮಗ ಇಬ್ಬರೂ ಎದುರುಬದುರಾಗಿ, ಪತ್ರಿಕೆಯಿಲ್ಲದೆ, ವಾದವಿಲ್ಲದೆ ಅಷ್ಟು ಹೊತ್ತು ಕುಳಿತಿದ್ದುದು ನಮ್ಮ ನೆನಪಿನಲ್ಲಿ ಇನ್ನೊಂದಿಲ್ಲ. ನಡುವೆ ಒಮ್ಮೆ ಮಾತ್ರ, "ಅವಳದು ಅಂಗುಲಕ್ಕೆ ಐದೇ ಇತ್ತು, ಎಣಿಸಿದ್ದೇನೆ," ಎಂದರು.

ಈ ಸಲ ಚೌಕವನ್ನು ಹೆಣೆದೆವು. ಒಂದಲ್ಲ, ನಾಲ್ಕು. ಹಟದಿಂದ ದಿನಕ್ಕೊಂದು ಗಂಟೆ ಕುಳಿತು ನೋಡಿದೆವು. ಹೇಗಾದರೂ ಮಾಡಿ ಮಾಘಮಾಸಕ್ಕಾದರೂ ಮುಗಿದೀತೆಂದು. ಮೂರನೆಯ ದಿನ ಹೆಬ್ಬೆರಳಿನ ಬುಡ ನೋಯತೊಡಗಿತು. ಅದಕ್ಕಿಂತ ಕೇಡು, ಅಳೆದು ನೋಡಿದರೆ ಮತ್ತೆ ಆರು! ಅವಸರದಲ್ಲಿ ಹೆಣೆದದ್ದು ಬಿಗಿಯುತ್ತದೆ. ಕೋಪದಲ್ಲಿ ಹೆಣೆದದ್ದೂ ಹಾಗೆಯೇ. ವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ನೋಡಿದ ರಾತ್ರಿಗಳ ಸಾಲುಗಳನ್ನು ಈಗಲೂ ಬೆರಳಿಟ್ಟು ತೋರಿಸಬಲ್ಲೆವು. ಮರಳಿ ಅರ್ಧ ಗಂಟೆಗೇ ಬಂದೆವು.

ಆ ಧನುರ್ಮಾಸವನ್ನು ನಾವು ಮರೆಯುವಂತಿಲ್ಲ. ತಂದೆಯವರು ತೇಪೆಯ ಸ್ವೆಟರಿನ ಮೇಲೆ ಶಾಲು ಹೊದೆದು ಕುಳಿತಿರುತ್ತಿದ್ದರು. ಪಕ್ಕದ ಕೋಣೆಯಿಂದ ಕೆಮ್ಮು ಕೇಳಿಬಂದಾಗಲೆಲ್ಲ ಕಡ್ಡಿ ನಿಲ್ಲುತ್ತಿತ್ತು. ಒಂದು, ಎರಡು ಎಂದು ಕೆಮ್ಮನ್ನು ಎಣಿಸಿ, ಎಣಿಕೆ ತಪ್ಪಿ, ಸಾಲನ್ನು ಮೊದಲಿನಿಂದ ಎಣಿಸಬೇಕಾಗುತ್ತಿತ್ತು. ಬಿಗಿಯಾದ ಸ್ವೆಟರಾದರೂ ಇಲ್ಲದ್ದಕ್ಕಿಂತ ಮೇಲಲ್ಲವೆ, ಅಂದು ಬಿಚ್ಚಿದ್ದು ಸರಿಯೇ ಎಂದು ಆ ರಾತ್ರಿಗಳಲ್ಲಿ ಯಾರಾದರೂ ಕೇಳಿದ್ದರೆ ನಾವು ಸರಿಯೆಂದು ಹೇಳುತ್ತಿರಲಿಲ್ಲ. ಮನೆಯಾಕೆ ಒಂದು ರಾತ್ರಿ ದೀಪವನ್ನು ಆರಿಸಲು ಬಂದವಳು ಆರಿಸದೆಯೇ ಹೋದಳು.

ಚಳಿ ಕಳೆಯಿತು, ಕೆಮ್ಮು ಎದೆಗೆ ಇಳಿಯಲಿಲ್ಲ.

ತೋಳುಗಳ ವಿಷಯವನ್ನು ವಿಸ್ತರಿಸುವುದಿಲ್ಲ. ಒಂದು ಐತಿಹಾಸಿಕ ಸಂಗತಿಯನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇವೆ. ಕುತ್ತಿಗೆಯಿಂದ ಕಂಕುಳಿನವರೆಗೆ ಓರೆಯಾಗಿ ಇಳಿಯುವ ತೋಳಿಗೆ ರಾಗ್ಲನ್ ಎಂದು ಹೆಸರು. ಮುಂದೆ ಗುಂಡಿಯಿರುವ ಸ್ವೆಟರಿಗೆ ಕಾರ್ಡಿಗನ್ ಎಂದು. ನಮ್ಮ ಮಂಕಿಕ್ಯಾಪಿಗೆ ಇಂಗ್ಲಿಷರು ಹೇಳುವುದು ಬಾಲಕ್ಲಾವ. ರಾಗ್ಲನ್ ಕ್ರಿಮಿಯ ಯುದ್ಧದಲ್ಲಿ ಬ್ರಿಟಿಷ್ ಸೇನೆಯ ಮುಖ್ಯಾಧಿಪತಿ. ಕಾರ್ಡಿಗನ್ ಅದೇ ಸೇನೆಯ ಲಘು ಅಶ್ವದಳವನ್ನು ಸಾವಿನ ಕಣಿವೆಗೆ ನಡೆಸಿದವನು. ಅದು ನಡೆದದ್ದು 1854ರ ಅಕ್ಟೋಬರ್ 25ರಂದು, ಬಾಲಕ್ಲಾವದಲ್ಲಿ. ಅಷ್ಟು ಕೆಟ್ಟದಾಗಿ ನಡೆದ ಯುದ್ಧವೊಂದು ಚಳಿಯ ಬಟ್ಟೆಗಳಿಗೆ ಮೂರು ಹೆಸರುಗಳನ್ನು ಕೊಟ್ಟುಹೋಯಿತು. ನಾವು ಮಾಡಿದ್ದು ರಾಗ್ಲನ್ ಅಲ್ಲ. ಬೇರೆಯಾಗಿ ಹೆಣೆದು ಹೊಲಿದ ಸಾಧಾರಣ ತೋಳು.

ಹೊಲಿಯುವುದಕ್ಕೇ ಐದು ಸಂಜೆ ಹಿಡಿಯಿತು. ಆಗ ತಿಳಿದದ್ದು, ಬಲತೋಳು ಎಡದಕ್ಕಿಂತ ಎರಡು ಬೆರಳು ಉದ್ದ. ಎರಡಕ್ಕೂ ಸಾಲುಗಳು ಸಮನಾಗಿಯೇ ಇದ್ದುವು, ಎಣಿಸಿದೆವು. ಎಡತೋಳನ್ನು ಹೆಣೆದದ್ದು ಪುಷ್ಯದಲ್ಲಿ, ಕೆಮ್ಮು ಕೇಳುತ್ತಿದ್ದ ದಿನಗಳಲ್ಲಿ. ಬಲತೋಳನ್ನು ಹೆಣೆಯುವ ಹೊತ್ತಿಗೆ ಫಾಲ್ಗುಣ ಬಂದಿತ್ತು, ಕೈ ಸಡಿಲವಾಗಿತ್ತು.

ರಾಮನವಮಿ ಕಳೆದ ಮೇಲೆ ಒಂದು ದಿನ ಸ್ವೆಟರನ್ನು ತಂದೆಯವರ ಕೈಗಿತ್ತೆವು. ಹೊರಗೆ ಮಧ್ಯಾಹ್ನದ ಬಿಸಿಲು. ಮನೆಯಲ್ಲಿ ಎಲ್ಲರೂ ಬೀಸಣಿಗೆ ಹಿಡಿದು ಕುಳಿತಿದ್ದರು. ಅವರು ಕನ್ನಡಕದ ಡಬ್ಬಿಯಿಂದ ಆ ಲಕೋಟೆಯನ್ನು ತೆಗೆದು ನೋಡಿ, "165 ದಿನ. ಎರಡು ದಿನ ಮುಂಚೆ," ಎಂದರು. ಬಳಿಕ ಅಂಗಿಯ ಮೇಲೆ ಸ್ವೆಟರನ್ನು ತೊಟ್ಟರು. ತಲೆಯಿಂದ ಸುಲಭವಾಗಿ ಇಳಿಯಿತು. "ತೆಗೆಯಿರಿ ಮಾವ, ಸೆಕೆ," ಎಂದು ಸೊಸೆ ಎರಡು ಸಲ ಹೇಳಿದಳು. ಅವರು ಕೇಳಿಸಿಕೊಳ್ಳದವರಂತೆ, ಹಣೆಯ ಮೇಲೆ ಬೆವರಿಳಿಯುತ್ತಿದ್ದರೂ, ಕಾಫಿ ಮುಗಿಯುವ ತನಕ ಹಾಗೆಯೇ ಕುಳಿತಿದ್ದರು. ಬಲತೋಳು ಬೆರಳುಗಳ ಮೇಲೆ ಬಂದು ಲೋಟಕ್ಕೆ ಅಡ್ಡಬಂದಾಗ ಅದನ್ನು ಒಂದು ಮಡಿಕೆ ಮಡಿಸಿಕೊಂಡರು.

ಈಗ ಧನುರ್ಮಾಸ ನಡೆಯುತ್ತಿದೆ. ಬೆಳಗ್ಗೆ ಆರು ಗಂಟೆಗೆ ಹಾಲಿನವನಿಗಾಗಿ ಅವರು ಗೇಟಿನ ಬಳಿ ನಿಂತಿರುವಾಗ ಆ ಸ್ವೆಟರು ಮೈಮೇಲಿರುತ್ತದೆ. ಬಲತೋಳಿಗೆ ಆ ಮಡಿಕೆಯೂ ಇರುತ್ತದೆ. ಬಿಚ್ಚಿ ಸರಿಮಾಡಿಕೊಡುತ್ತೇವೆ, ಎರಡು ರಾತ್ರಿಯ ಕೆಲಸ ಎಂದೆವು. ಚಳಿ ಮುಗಿಯಲಿ, ಆಮೇಲೆ ನೋಡೋಣ ಎಂದರು.